ನಿಮ್ಮ ಗೋಡೆಯ ಮೇಲಿನ ಮೂರು ಹೆಸರು

ಮಾನ್ಯ ಪುರಸಭಾ ಆರೋಗ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಹೊರಗೋಡೆಯ ಮೇಲೆ, ನಾಯಿಗಳಿಗೆ ರೇಬೀಸ್ ಚುಚ್ಚುಮದ್ದು ಹಾಕುವ ದಿನಾಂಕದ ಪಕ್ಕದಲ್ಲಿ, ಕುಡಿತ ಬಿಡಲು ಹೊರಟ ಮೂವರ ಹೆಸರು, ವಿಳಾಸ, ಸಹಿ ಇರುವ ಹಾಳೆಯನ್ನು ಅಂಟಿಸಿದ್ದೀರಿ. ಅದರಿಂದ ಒಬ್ಬ ತಾಯಿಗೆ ಮಗು ಕೈತಪ್ಪಿದೆ. ಇದನ್ನು ಗುಟ್ಟಾಗಿ ತಿಳಿಸಲು ಎರಡು ಸಲ ಬಂದೆ, ನೀವು ಸಭೆಯಲ್ಲಿದ್ದಿರಿ. ಗುಟ್ಟೆಂಬುದು ಹೇಗೂ ಉಳಿದಿಲ್ಲವಾದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಸಂತೆಬೀದಿಯ ದರ್ಜಿ. ಈ ದ್ವೀಪದ ಅರ್ಧದಷ್ಟು ಮಕ್ಕಳ ಸಮವಸ್ತ್ರ ಹೊಲಿದವಳು. ಒಂಬತ್ತು ವರ್ಷ ತೆಂಗಿನ ಕಳ್ಳನ್ನು ವಿನೆಗರ್ ಬಾಟಲಿಗಳ ನಡುವೆ ಅಡಗಿಸಿಟ್ಟು ಕುಡಿದೆ. ಮನೆಮನೆಯಲ್ಲೂ ಕಳ್ಳಿನಿಂದಲೇ ವಿನೆಗರ್ ಮಾಡುವ ನಮ್ಮಲ್ಲಿ, ಅಡುಗೆಮನೆಯಲ್ಲಿ ಹುಳಿವಾಸನೆ ಬಂದರೆ ಯಾರು ಅನುಮಾನಿಸುತ್ತಾರೆ? ಕಳೆದ ಮೇ ತಿಂಗಳಲ್ಲಿ ಮಿಷನ್ನಿನ ಸೂಜಿ ಬೆರಳನ್ನು ಹೊಕ್ಕು ಹೊರಬಂತು. ಬಿಳಿ ಬಟ್ಟೆಯ ಮೇಲೆ ರಕ್ತ ಹರಡುವವರೆಗೂ ನನಗೆ ಗೊತ್ತೇ ಆಗಲಿಲ್ಲ. ಮರುದಿನ ನಿಮ್ಮ ಕಚೇರಿಗೆ ಬಂದು, ಕುಡಿತ ಬಿಡುವವರ ಗುಂಪು ಎಲ್ಲಿ ಸೇರುತ್ತದೆ ಎಂದು ಗುಮಾಸ್ತರನ್ನು ಕೇಳಿದೆ.

"ಯಾರಿಗಕ್ಕಾ? ಯಜಮಾನ್ರಿಗಾ?"

"ಅವರು ತೀರ್ಕೊಂಡು ಆರು ವರ್ಷ ಆಯ್ತು. ನನಗೆ."

"ಸುಮ್ನಿರಕ್ಕಾ, ತಮಾಷೆ ಮಾಡ್ಬೇಡ."

ತಮಾಷೆಯಲ್ಲವೆಂದು ಅರಿವಾದ ಮೇಲೆ ಮುದ್ರಿತ ವೇಳಾಪಟ್ಟಿಯೊಂದನ್ನು ಕೊಟ್ಟರು. ಶನಿವಾರ ಮಧ್ಯಾಹ್ನ ಮೂರಕ್ಕೆ, ಬಾಸ್ಕೆಟ್‌ಬಾಲ್ ಅಂಕಣದ ಪಕ್ಕದ ಸಭಾಭವನ. ಹೋದೆ. ಬೀಗ ಹಾಕಿತ್ತು. "ಆ ಗುಂಪಾ? ಉದ್ಘಾಟನೆ ದಿನ ಒಂದ್ಸಲ ಸೇರಿತ್ತು. ಅವತ್ತು ಊಟ ಇತ್ತಲ್ಲ" ಎಂದ ಕಾವಲುಗಾರ. ನಿಮ್ಮ ವಾರ್ಷಿಕ ವರದಿಯಲ್ಲಿ ಮಾತ್ರ ಆ ಗುಂಪು ಎರಡು ವರ್ಷಗಳಿಂದ ಯಶಸ್ವಿಯಾಗಿ ನಡೆಯುತ್ತಿದೆ. ಯಾರು ಸೇರುತ್ತಿದ್ದರು, ಮಾನ್ಯರೇ? ಬೀಗವೂ ಚಿಲಕವೂ?

ಬೇರೆಲ್ಲಿಗೆ ಹೋಗಲಿ? ಪಟ್ಟಣದ ಗುಂಪಿಗೆ ಹೋಗಲು ದೋಣಿಯಲ್ಲಿ ನಾಲ್ಕು ಗಂಟೆ ಬೇಕು. ಹಾಗಾಗಿ ಪ್ರತಿ ಶನಿವಾರ ಆ ಭವನದ ಮೆಟ್ಟಿಲ ಮೇಲೆಯೇ ಎರಡು ಗಂಟೆ ಕೂತೆ. ಕೂತಷ್ಟು ಹೊತ್ತು ಕುಡಿಯುತ್ತಿರಲಿಲ್ಲ, ಅಷ್ಟೇ ಲಾಭ. ಮೂರನೆಯ ವಾರ ದೋಸ್ಯೊ ಬಂದ. ಕಳ್ಳು ಇಳಿಸುವವನು, ದಿನಕ್ಕೆರಡು ಬಾರಿ ಮರ ಹತ್ತಲೇಬೇಕಾದವನು. (ಅವನ ಹೆಸರನ್ನು ಅವನ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ. ಹಾಗೆ ಕೇಳುವ ಪದ್ಧತಿಯೊಂದಿದೆ.) ಕೈಯಲ್ಲಿ ಅದೇ ವೇಳಾಪಟ್ಟಿ.

"ಅಕ್ಕಾ, ಗುಂಪು ಇಲ್ಲೇನಾ?"

"ನಾನೇ ಗುಂಪು."

ಅವನು ತಲೆ ಕೆರೆದುಕೊಂಡ. "ಹಂಗಾದ್ರೆ ಸ್ವಲ್ಪ ಜರುಗು. ಕೂತ್ಕೋತೀನಿ."

ಆಮೇಲೆ ಬಂದವಳು ಮೀನುಗಾರನ ಹೆಂಡತಿ, ಇಪ್ಪತ್ನಾಲ್ಕರ ಹುಡುಗಿ, ಸೊಂಟದ ಮೇಲೆ ಎರಡು ವರ್ಷದ ಮಗಳು. ಇಲ್ಲಿ ಅವಳನ್ನು ಲಿವಾಯ್ ಎಂದು ಕರೆಯುತ್ತೇನೆ. ನಿಜವಾದ ಹೆಸರನ್ನು ಕಾಪಾಡುವ ಹೊಣೆ ನಿಮ್ಮದಾಗಿತ್ತು. ಒಬ್ಬರು ಹೇಳುವುದು, ಇಬ್ಬರು ಕೇಳುವುದು, ಅಷ್ಟೇ ನಮ್ಮ ಚಿಕಿತ್ಸೆ. "ಮರದ ಮೇಲೆ ಕಳ್ಳು ಮೂಸಿ, ಮುಖ ತಿರುಗಿಸ್ಕೊಂಡು ಇಳಿದೆ. ಹಳೇ ಪ್ರೇಯಸಿ ಮದುವೆಗೋಗಿ ಊಟ ಮಾಡ್ದೆ ಬಂದಂಗಾಯ್ತು" ಎಂದು ದೋಸ್ಯೊ ಹೇಳಿದಾಗ ಲಿವಾಯ್ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹದಿಮೂರು ವಾರ ಅವಳು ಒಂದು ತೊಟ್ಟೂ ಮುಟ್ಟಲಿಲ್ಲ. ಅವಳನ್ನು ನೋಡಿಯೇ, ಅವಳಿಗಿಂತ ಕೆಲವು ದಿನ ತಡವಾಗಿ, ನಾನೂ ಪೂರ್ತಿ ಬಿಟ್ಟೆ.

ಮಳೆ ಜೋರಾಯಿತು. ಮಗು ನೆನೆಯುತ್ತದೆಂದು ಭವನದ ಕೀಲಿ ಕೇಳಿದೆವು. ಹೆಸರು, ವಿಳಾಸ, ಸಹಿ ಇಲ್ಲದೆ ಅದು ಚಟುವಟಿಕೆಯೇ ಅಲ್ಲ ಎಂದಿತು ನಿಮ್ಮ ಕಚೇರಿ. ಲಿವಾಯ್ ಹಿಂಜರಿದಳು. "ಹಾಕಮ್ಮಾ, ಕಡತದಲ್ಲಿ ಬಿದ್ದಿರತ್ತೆ, ಯಾರು ನೋಡ್ತಾರೆ" ಎಂದವಳು ನಾನು. ನಿಮ್ಮ ಮೇಲಿನ ಸಿಟ್ಟಿನಲ್ಲಿ ಇದನ್ನು ಮುಚ್ಚಿಡಲಾರೆ. ನಾಲ್ಕೇ ದಿನಕ್ಕೆ ಹಾಳೆ ಗೋಡೆಗೇರಿತು, ಕೀಲಿ ಮಾತ್ರ ಬರಲಿಲ್ಲ. ನಾಯಿಯ ಚುಚ್ಚುಮದ್ದಿನ ದಿನಾಂಕ ನೋಡಲು ಬಂದ ಅವಳ ಅತ್ತೆ ಸೊಸೆಯ ಹೆಸರನ್ನು ಓದಿದರು. ಗಂಡ ಸಮುದ್ರದಲ್ಲಿದ್ದ. ಸಂಜೆಯ ದೋಣಿಗೆ ಅತ್ತೆ ಮಗುವನ್ನು ಎತ್ತಿಕೊಂಡು ಬೇರೆ ದ್ವೀಪಕ್ಕೆ ಹೊರಟುಹೋದರು.

ವಿಷಯ ತಿಳಿದು ನಾನು ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಲಿವಾಯ್ ಬಾಗಿಲು ತೆರೆದಳು. ವಾಸನೆ ಅವಳಿಗಿಂತ ಮೊದಲು ಹೊರಬಂತು.

"ಈಗ ಊರಿಗೆಲ್ಲ ಗೊತ್ತಲ್ಲಕ್ಕಾ," ಎಂದಳು. "ಕದ್ದು ಕುಡಿಯೋ ಕಷ್ಟನಾದ್ರೂ ತಪ್ತು."

ಪಾರದರ್ಶಕತೆಗಾಗಿ ಹಾಳೆ ಹಚ್ಚಿದ್ದೆಂದು ನಿಮ್ಮ ಗುಮಾಸ್ತರು ವಿವರಿಸಿದರು. ಸಂತೋಷ. ಹಾಗಿದ್ದರೆ ರಕ್ತದೊತ್ತಡದ ಮಾತ್ರೆ ಒಯ್ಯುವವರ ಪಟ್ಟಿ ಎಲ್ಲಿ? ಮೂಲವ್ಯಾಧಿಯ ಮುಲಾಮು ಒಯ್ಯುವ ಪುರಸಭಾ ಸದಸ್ಯರು ಯಾವ ಗೋಡೆಯ ಮೇಲಿದ್ದಾರೆ? ಹಬ್ಬದ ದಿನ ಪುರಭವನದ ಅಂಗಳದಲ್ಲಿ ಕಳ್ಳಿನ ಜಾಡಿಗಳ ಸುತ್ತ ಕುಣಿದವರು ಯಾರಿಗೂ ಸಹಿ ಹಾಕಿಕೊಡಬೇಕಾಗಿರಲಿಲ್ಲ. ಈ ಊರಿನಲ್ಲಿ ಕುಡಿಯಲು ಹೆಸರು ಬೇಡ, ಬಿಡಲು ಮಾತ್ರ ಬೇಕೇ?

ನನ್ನ ಬೇಡಿಕೆ ದೊಡ್ಡದಲ್ಲ. ಆ ಹಾಳೆಯನ್ನು ಇವತ್ತೇ ಕಿತ್ತುಹಾಕಿ. ಶನಿವಾರ ಮೂರರಿಂದ ಐದರವರೆಗೆ ಭವನದ ಕೀಲಿ ಕೊಡಿ, ಹೆಸರು ಕೇಳಬೇಡಿ. ಲಿವಾಯಳ ಅತ್ತೆಗೆ ನಿಮ್ಮ ಮೊಹರು ಹಾಕಿ ಒಂದು ಪತ್ರ ಬರೆಯಿರಿ: ಆ ಸಹಿ ಕುಡಿಯುವವಳದ್ದಲ್ಲ, ಹದಿಮೂರು ವಾರ ಕುಡಿಯದೆ ಇದ್ದವಳದ್ದು ಎಂದು. ಕಳೆದ ಶನಿವಾರ ಅವಳನ್ನು ಕೈಹಿಡಿದು ಕರೆತಂದೆವು. ಬಾಸ್ಕೆಟ್‌ಬಾಲ್ ಅಂಕಣದವರೆಗೆ ಬಂದಳು. ಆಡುತ್ತಿದ್ದವರು ಆಟ ನಿಲ್ಲಿಸಿ ನೋಡಿದರು. ತಿರುಗಿ ಹೋದಳು. ಬರುವ ಶನಿವಾರ ಮತ್ತೆ ಅವಳ ಬಾಗಿಲು ತಟ್ಟುತ್ತೇವೆ. ಅಷ್ಟರಲ್ಲಿ ನಿಮ್ಮ ಗೋಡೆ ಖಾಲಿಯಾಗಿದ್ದರೆ, ಅವಳಿಗೆ ಹೇಳಲು ನನ್ನ ಬಳಿ ಒಂದು ಮಾತಾದರೂ ಇರುತ್ತದೆ.

ಇಂತಿ,
ತೊಂಬತ್ತೇಳು ದಿನಗಳಿಂದ ಕುಡಿಯದ, ತೊಂಬತ್ತೆಂಟನೆಯದರ ಬಗ್ಗೆ ಮಾತು ಕೊಡಲಾರದ,
ದರ್ಜಿ ಕ್ರಿಸ್ಪಿನಾ