ಎಡಗಡೆ ಚಕ್ರ

ಮಾರ್ಚ್ 3, ಬೆಳಿಗ್ಗೆ 6.30
ಮತ್ತೆ ಅದೇ. ನಮ್ಮ ರೋಬೋಟ್ ಮೊದ್ದುವಿನ ಎಡಗಡೆ ಚಕ್ರ ಓಡ್ತಿಲ್ಲ. ಕೈಲಿ ಎತ್ತಿ ಹಿಡಿದ್ರೆ ಗಿರ್ರನೆ ತಿರುಗುತ್ತೆ, ನೆಲಕ್ಕಿಟ್ಟರೆ ಮುಷ್ಕರ. ಬಲಗಡೆಯದು ಮಾತ್ರ ಓಡಿ, ಇದ್ದಲ್ಲೇ ಪ್ರದಕ್ಷಿಣೆ. ಸ್ಪರ್ಧೆಗೆ ಹನ್ನೊಂದೇ ದಿನ. ಲಿಫ್ಟ್ ರಿಪೇರಿಗೆ ಹೊರಟಿದ್ದ ಅಣ್ಣ ಬಗ್ಗಿ ನೋಡಿ, "ಮೋಟರ್ ಸುಟ್ಟಿರುತ್ತೆ" ಅಂದ. ಎರಡು ವರ್ಷ ಜೊತೆಗೆ ಕೂತು ಕಟ್ಟಿದವನು. ನಂಬಿದೆ.

ಮಾರ್ಚ್ 4
ಕನ್ನಡಕದ ಅಂಗಡಿಯಿಂದ ಬೇಗ ಬಂದೆ. ಎಡ-ಬಲ ಮೋಟರ್ ಅದಲುಬದಲು ಮಾಡಿದೆ. ತೊಂದರೆ ಮೋಟರ್ ಜೊತೆ ಹೋಗಲಿಲ್ಲ, ಎಡಗಡೆಯಲ್ಲೇ ಕೂತಿದೆ. ಪಾಪ, ಮೋಟರ್ ತಪ್ಪಲ್ಲ. "ಹಾಗಾದ್ರೆ ಮೋಟರಿಗೆ ಕರೆಂಟ್ ಕೊಡೋ ಡ್ರೈವರ್ ಬೋರ್ಡು" ಅಂದ ಅಣ್ಣ, ಪೇಪರಿಂದ ತಲೆ ಎತ್ತದೆ.

ಮಾರ್ಚ್ 7
ಬೋರ್ಡೂ ಬದಲಾಯಿತು. ಊಹೂಂ. ವೈರ್ ಚೆಕ್ ಮಾಡಿದ್ರೆ ಮೀಟರ್ ಬೀಪ್ ಅನ್ನುತ್ತೆ — ಎಲ್ಲ ಸರಿ ಅಂತ. ಅಣ್ಣ ಪಕ್ಕದಲ್ಲೇ ಟಾರ್ಚ್ ಹಿಡಿದಿದ್ದ. "ಅದಕ್ಕೂ ನನ್ನ ಥರ ಮಂಡಿನೋವೇನೋ" ಅಂದಳು ಅಮ್ಮ. ನಾನು ನಕ್ಕೆ. ಅವನು ನಗಲಿಲ್ಲ.

ಮಾರ್ಚ್ 8, ಮಧ್ಯಾಹ್ನ
ರಜೆ. ಚಕ್ರ ಬೆರಳಲ್ಲಿ ಒತ್ತಿ, ಲೋಡ್ ಕೊಟ್ಟು ಅಳೆದೆ. ಬೋರ್ಡ್ ಹತ್ತಿರ ಹನ್ನೆರಡು ವೋಲ್ಟ್. ಮೋಟರ್ ಹತ್ತಿರ ನಾಲ್ಕು. ನಡುವೆ ಗೇಣುದ್ದ ವೈರ್, ಅದರ ಮೇಲೊಂದು ಕಪ್ಪು ಪ್ಲಾಸ್ಟಿಕ್ ಸ್ಲೀವ್. ಬ್ಲೇಡಲ್ಲಿ ಸೀಳಿ ನೋಡಿದೆ.
ತಾಮ್ರದ ಎಳೆಗಳೆಲ್ಲ ಕಟ್. ತುದಿಗೆ ತುದಿ ತಾಗಿಸಿ ಇಟ್ಟಿದೆ ಅಷ್ಟೆ. ಸವೆದದ್ದಲ್ಲ... ಕಟ್ಟರ್ ಏಟು, ಒಂದೇ ಸಮ. ಮೇಲೆ ಸ್ಲೀವ್ ಬಿಸಿ ಮಾಡಿ ಕೂರಿಸಿದ್ದು.
ಈ ಮನೆಯಲ್ಲಿ ಇಷ್ಟು ನೀಟಾಗಿ ಕೆಲಸ ಮಾಡೋನು ಒಬ್ಬನೇ.

8, ಸಂಜೆ
ವೈರ್ ಅವನ ತಟ್ಟೆ ಪಕ್ಕ ಇಟ್ಟೆ. ಅಣ್ಣ ಅದನ್ನ ಬೆರಳಲ್ಲಿ ಹೊರಳಿಸಿದ.
"ಸ್ಪರ್ಧೆ ಅರ್ಜಿ ನೋಡಿದೆ. ನಿನ್ನೊಬ್ಬಳದೇ ಹೆಸರು."
"ಒಂದೇ ಹೆಸರಿಗೆ ಜಾಗ ಇತ್ತು."
"ಒಂದು ಮಾತು ಕೇಳಬಹುದಿತ್ತು."
"ನೀನೂ ಕೇಳಬಹುದಿತ್ತು. ಐದು ದಿನ ಎದುರಿಗೇ ಕೂತು ಮೋಟರ್ ಅಂದೆ, ಬೋರ್ಡ್ ಅಂದೆ..."
ಎದ್ದು ಕೈ ತೊಳೆಯೋಕೆ ಹೋದ.
ಕತ್ತರಿಸಿದ್ದನ್ನಾದ್ರೂ ಮರೆತೇನು. ಟಾರ್ಚ್ ಹಿಡ್ಕೊಂಡು ನಿಂತಿದ್ದನಲ್ಲ.

ಮಾರ್ಚ್ 14
ಹೊಸ ವೈರ್ ನಾನೇ ಹಾಕಿದ್ದು. ಮೊದ್ದು ನೆಟ್ಟಗೆ ಓಡಿ ಇಳಿಜಾರು ಹತ್ತಿತು. ಎರಡನೇ ಸ್ಥಾನ. ತೀರ್ಪುಗಾರ್ತಿ ಬಗ್ಗಿ ಬೆಸುಗೆ ನೋಡಿದ್ರು. "ಇಷ್ಟೂ ನೀವೊಬ್ಬರೇ ಮಾಡಿದ್ರಾ?" ಹೌದು ಅಂದೆ. ನಾಲಿಗೆ ತಡವರಿಸಲೂ ಇಲ್ಲ.
ಅಣ್ಣನೇ ಬಾಗಿಲು ತೆಗೆದ. ಪೆಟ್ಟಿಗೆ ಕೈಯಿಂದ ಇಸ್ಕೊಂಡ.
"ಓಡ್ತಾ?"
"ಓಡ್ತು."
"ಯಾರು ಕಟ್ಟಿದ್ದು ಅಂತ ಕೇಳಿದ್ರಾ?"
ಅದಕ್ಕೆ ನಾನು "ಕೇಳಲಿಲ್ಲ" ಅಂದೆ, ಅವನ ಮುಖ ನೋಡಿಯೇ.