ನಿಂತ ಮರಗಳ ಹಣ

ಭಾನುವಾರ, ಮಾರ್ಚ್ ೧೭

ಮುದ್ದಿನ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಾನು ಕುಶಲ, ನೀನೂ ಹಾಗೆಯೇ ಇರುವೆಯೆಂದು ನಂಬಿದ್ದೇನೆ. ನೀನು ನಮ್ಮ ಊರಿನ ಕಾಡನ್ನು ಅಳೆದು ಹೋದ ಮರುದಿನವೇ ಬರೆಯಬೇಕಿತ್ತು. ತಡವಾಯಿತು, ಕ್ಷಮಿಸು. ಬರೆಯಲು ಕುಳಿತಾಗಲೆಲ್ಲ ಎದ್ದು ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಎಷ್ಟು ಮರ ಉಳಿದಿವೆಯೆಂದು ತಿಳಿಸುವ ನಿನ್ನ ವರದಿಗಾಗಿ ಊರಿಗೆ ಊರೇ ಕಾಯುತ್ತಿದೆ. ಮರ ಕಡಿಯದೆ ಉಳಿಸಿದ್ದಕ್ಕೆ ಶ್ರೀಮಂತ ದೇಶಗಳು ಕೊಡುವ ಹಣವನ್ನು ಇಲ್ಲಿ ಎಲ್ಲರೂ ‘ಗಾಳಿ ದುಡ್ಡು’ ಎನ್ನುತ್ತಾರೆ. ಅದು ಹವಾಮಾನ ನಿಧಿ ಎಂದು ನಾನು ಎಷ್ಟು ತಿದ್ದಿದರೂ ಚಹಾ ಅಂಗಡಿಯವಳು ಬಗ್ಗುವುದಿಲ್ಲ. “ಏನೂ ಮಾಡ್ದೆ ಇದ್ದಿದ್ದಕ್ಕೆ ದುಡ್ಡು ಕೊಡ್ತಾರೆ ಅಂದ್ರೆ, ನಮ್ಮನೆಯೋರಿಗೆ ಇಷ್ಟೊತ್ತಿಗೆ ಬಡ್ತೀನೇ ಸಿಗ್ಬೇಕಿತ್ತು ಟೀಚರಮ್ಮ!” ಎಂದು ನಗುತ್ತಾಳೆ. ಆದರೆ ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಮರ ಕೊಯ್ಯುವ ಮಿಲ್ಲು ಮುಚ್ಚಿದ ಮೇಲೆ ಅಲ್ಲಿ ದುಡಿಯುತ್ತಿದ್ದವರೆಲ್ಲ ಕಾಡಿನ ಕಾವಲಿಗೆ ಸೇರಿದ್ದಾರೆ. ಅವರ ಸಂಬಳವೂ ದವಾಖಾನೆಯ ನರ್ಸಿನ ಸಂಬಳವೂ ಆ ಹಣದಿಂದಲೇ.

ಪರಿಶೀಲನೆಗೆ ಬರುವವರ ಸಂಬಂಧಿಕರು ಊರಿನಲ್ಲಿರಕೂಡದೆಂಬುದು ನಿಧಿಯ ನಿಯಮ. ಬರಬೇಕಾಗಿದ್ದವರು ಕಾಯಿಲೆ ಬಿದ್ದರು. ದಿನ ಮುಂದೆ ಹೋದರೆ ಈ ವರ್ಷದ ಹಣವೇ ಕೈತಪ್ಪುತ್ತದೆಂದು ನೀನು ಬಂದೆ. “ನನ್ನ ಗುರುತು ಮಾತ್ರ ಹಿಡೀಬೇಡಮ್ಮ” ಎಂದು ಮೊದಲೇ ಫೋನಿನಲ್ಲಿ ಬೇಡಿಕೊಂಡಿದ್ದೆ. ನಾನು ಹಿಡಿಯಲಿಲ್ಲ, ಊರಿನವರೂ ಹಿಡಿಯಲಿಲ್ಲ.

ನಿನ್ನೆ ಕಾವಲಿನ ಮೇಸ್ತ್ರಿ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. “ಹಳ್ಳದಾಚೆ ಯಾರೋ ಮರ ಕಡ್ದಿದ್ದು ಆ ಮೇಡಂ ಕಣ್ಣಿಗೆ ಬಿದ್ದಿರುತ್ತೆ. ಬಿರುಗಾಳಿಗೆ ಬಿತ್ತು ಅಂತ ಬರೆದ್ರೆ ಯಾರಿಗೇನು ನಷ್ಟ? ನೀವೊಂದು ಮಾತು ಹೇಳಿ.”

“ಯಾವ ಮೇಡಮ್ಮೋ?” ಎಂದು ಕೇಳಿದೆ. ನೀನು ಯಾರೆಂದು ಚೆನ್ನಾಗಿ ಬಲ್ಲವನು ತಲೆ ತಗ್ಗಿಸಿದ.

“ಕೊಡಲಿ ಏಟು ಯಾವುದು, ಗಾಳಿಗೆ ಮುರಿದದ್ದು ಯಾವುದು ಅಂತ ಅವಳಿಗೆ ಗೊತ್ತು. ನಾನು ಹೇಳಲ್ಲ,” ಎಂದೆ.

“ಸಂಬಳ ನಿಂತ್ರೆ ನಾನೂ ಮತ್ತೆ ಕೊಡ್ಲಿನೇ ಹಿಡೀಬೇಕಲ್ವಾ ಟೀಚರಮ್ಮ?”

ಅವನು ಹೋದ ಮೇಲೆ ಒಂದೆಡೆ ಕೂರಲಾಗದೆ, ಒರೆಸಿದ್ದ ಮೇಜನ್ನೇ ಮತ್ತೆ ಒರೆಸಿದೆ. ಆದರೂ ಮಗಳೇ, ಕಡಿದದ್ದನ್ನು ಕಡಿದದ್ದೆಂದೇ ಬರೆ. ಹಣ ಕಡಿಮೆಯಾದರೆ ಆಗಲಿ. ಹೇಳಿದ ಸುಳ್ಳೇ ಸಾಕು; ಮರಗಳ ವಿಷಯದಲ್ಲಿ ಇನ್ನೊಂದು ಬೇಡ.

ಬಹಳ ಸೊರಗಿದ್ದೀಯೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳಿತಾಗಲಿ.

ಇತಿ,
ನಿನ್ನ ಅಮ್ಮ

ತಾ.ಕ.: ನೀನು ಅಳತೆಯ ಟೇಪು ಹಿಡಿದು ಕಾಡಿಗೆ ಹೋಗಿದ್ದಾಗ, ನಿನ್ನ ಜೊತೆ ಬಂದು ಊರಿನವರ ಸಭೆಯಲ್ಲಿ ಕುಳಿತಿದ್ದ ನಿನ್ನ ಹಿರಿಯ ಅಧಿಕಾರಿ ನನಗೆ ಮಕ್ಕಳೆಷ್ಟು ಎಂದು ಕೇಳಿದರು. ಚಹಾ ಅಂಗಡಿಯವಳು ಮೈಮರೆತು “ಒಬ್ಳೇ ಮಗ್ಳು” ಎಂದುಬಿಟ್ಟಳು. ಕೂಡಲೇ ಮೇಸ್ತ್ರಿ, “ಚಿಕ್ಕೋಳಿದ್ದಾಗ್ಲೇ ತೀರ್ಕೊಂಡ್ಳು ಸಾರ್” ಎಂದ. ಅಧಿಕಾರಿ ಎದ್ದು ಬಂದು, ನನ್ನ ಎರಡೂ ಕೈ ಹಿಡಿದು ಸಂತಾಪ ಸೂಚಿಸಿದರು. ನಾನು ಧನ್ಯವಾದ ಹೇಳಿದೆ. ಅಂದಿನಿಂದ ಊರಿನಲ್ಲಿ ಯಾರೂ ನಿನ್ನ ಕ್ಷೇಮ ಕೇಳುತ್ತಿಲ್ಲ.