ಮೂರಿರಬೇಕಾದಲ್ಲಿ ಎರಡು

ಮಾರ್ಚ್ 4, ಸೋಮವಾರ

ಬೆಳಿಗ್ಗೆಯಿಂದ ಹನ್ನೆರಡು ಕನ್ನಡಿ ಕತ್ತರಿಸಿದೆ. ಒಂದೂ ಹಾಳಾಗಲಿಲ್ಲ. ಅಣ್ಣ ಎರಡು ಹಾಳು ಮಾಡಿದ. ಅವನು! ಗೆರೆ ಎಳೀತಾ ಎಳೀತಾ ಮಧ್ಯದಲ್ಲೇ ಕೈ ಎತ್ತಿಬಿಟ್ಟ. ಗಾಜಿನ ಮೇಲೆ ಗೆರೆ ಶುರು ಮಾಡಿದ್ರೆ ಆ ತುದಿ ಮುಟ್ಟೋ ತನಕ ನಿಲ್ಲಿಸೋ ಹಾಗಿಲ್ಲ, ಉಸಿರೂ ಬಿಡೋ ಹಾಗಿಲ್ಲ. ಅಪ್ಪ ನಮ್ಮಿಬ್ಬರ ತಲೆಗೂ ಕುಟ್ಟಿ ಕುಟ್ಟಿ ತುಂಬಿದ ಪಾಠ ಅದು.

"ಏನಾಯ್ತೋ?" ಅಂದೆ.

"ಉಸಿರು ಹಿಡಿದೆ, ತಲೆ ತಿರುಗ್ತು. ನಮ್ಮ ಕಸುಬಿನಲ್ಲಿ ಇದ್ದದ್ದೇ ಬಿಡು."

ಹೌದೌದು ಅಂದೆ. ನನಗೂ ಆಗುತ್ತಲ್ಲ ಆಗಾಗ.

ನಾಳೆ ನನ್ನ ಹೃದಯದ ವರ್ಷದ ಚೆಕಪ್. ಅಂಗಡಿ ಅವನೇ ನೋಡ್ಕೋತಾನೆ.

ಮಾರ್ಚ್ 5, ಮಂಗಳವಾರ. ಮಧ್ಯಾಹ್ನ

ಹೊಸ ಡಾಕ್ಟರಮ್ಮ. ಎದೆಯ ಸ್ಕ್ಯಾನ್, ಅದೇ ಎಕೋ, ಮಾಡಿ ನಕ್ಕರು. ನನ್ನ ವಾಲ್ವ್ ಹೋದ ವರ್ಷ ಹೇಗಿತ್ತೋ ಹಾಗೇ ಇದೆಯಂತೆ. ಹುಟ್ಟಿನಿಂದ ತೆರೆದು ಮುಚ್ಚೋ ಮೂರು ಎಲೆ ಇರಬೇಕಾದ ಕಡೆ ಎರಡೇ ಇದ್ದರೂ ಮರ್ಯಾದೆಯಾಗಿ ಕೆಲಸ ಮಾಡ್ತಿದೆ. "ಭಾರ ಎತ್ತಬೇಡಿ, ಹಲ್ಲು ಜೋಪಾನ, ಅಲ್ಲಿನ ಸೋಂಕು ಹೃದಯಕ್ಕೆ ಇಳಿಯುತ್ತೆ, ವರ್ಷ ವರ್ಷ ತಪ್ಪದೆ ಬನ್ನಿ. ಮುಂದೊಂದು ದಿನ ಆಪರೇಷನ್ ಬೇಕಾಗಬಹುದು, ಆಗ ನೋಡೋಣ. ನಿಮ್ಮಂಥವರು ಮೊಮ್ಮಕ್ಕಳನ್ನ ನೋಡ್ತಾರೆ." ಮಕ್ಕಳೇ ಇಲ್ಲ, ಮೊಮ್ಮಕ್ಕಳಂತೆ. ಆದರೂ ಖುಷಿಯಾಯ್ತು.

ಆಮೇಲೆ ಹಳೇ ಫೈಲ್ ತಿರುವಿದರು. "ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಿ ಅಂತ ಹನ್ನೊಂದು ವರ್ಷದ ಹಿಂದೆನೇ ಹೇಳಿದಾರಲ್ಲ. ಅಣ್ಣನ್ನ ತೋರಿಸಿದ್ರಾ?"

"ಹೂಂ, ತೋರಿಸ್ತೀನಿ" ಅಂತ ಎದ್ದು ಬಂದೆ.

ಇಲ್ಲಿ ಸುಳ್ಳು ಬರೆದು ಯಾರಿಗೆ ಲಾಭ... ಆವತ್ತು ಹೇಳಿದ್ದು ನೆನಪಿದೆ. ಬೇಕಂತಲೇ ಅಣ್ಣನಿಗೆ ಹೇಳಲಿಲ್ಲ. ಅವನ ಮದುವೆ ಗೊತ್ತಾಗಿತ್ತು. ಎದೆ ಸರಿಯಿಲ್ಲ ಅಂತ ನನ್ನನ್ನ ಯಾರೂ ಕೇಳಿಕೊಂಡು ಬರಲಿಲ್ಲ, ಅವನದ್ದೂ ಮುರಿದುಬಿದ್ದರೆ? ಅಮ್ಮ ಅರ್ಧ ಸತ್ತಿದ್ದಳು ನನ್ನ ಚಿಂತೇಲಿ. ಮದುವೆ ಮುಗೀಲಿ ಅಂದುಕೊಂಡೆ. ಮುಗೀತು. ಮಗಳು ಹುಟ್ಟಲಿ ಅಂದುಕೊಂಡೆ. ಅದೂ ಆಯ್ತು, ಅವಳಿಗೀಗ ಹತ್ತು ವರ್ಷ. ಆಮೇಲೆ ಹೇಳೋಕೆ ಮುಖವೇ ಇರಲಿಲ್ಲ.

ನಿನ್ನೆ ಅಣ್ಣನ ತಲೆ ತಿರುಗಿ ಆ ಗೆರೆ ನಿಂತದ್ದು. ಉಸಿರು ಹಿಡಿದದ್ದಕ್ಕಲ್ಲ.

ಮಾರ್ಚ್ 9, ಶನಿವಾರ

ಮೂರು ದಿನದಿಂದ ಬೆನ್ನು ಹತ್ತಿದೀನಿ. ಒಂದು ಎಕೋ ಮಾಡಿಸ್ಕೊಳೋ, ಕುಟುಂಬದಲ್ಲಿ ಬರುತ್ತಂತೆ ಇದು. ಹನ್ನೊಂದು ವರ್ಷದ ಮಾತು ಮಾತ್ರ ಎತ್ತಲಿಲ್ಲ.

"ಗುಬ್ಬಿ, ನಿನ್ನ ಕಾಯಿಲೆ ನನಗೆ ಅಂಟಿಸಬೇಡ ಕಣೇ" ಅಂದ, ತೋಳು ಮಡಚಿ ತೋರಿಸ್ತಾ. "ಈ ಅಂಗಡೀಲಿ ಗಾಜಿನ ಹಾಳೆ ಎತ್ತೋನು ಯಾರು?"

"ಎತ್ತೋ ಕೋಣ ನೀನೇ. ಅದಕ್ಕೇ ಹೇಳ್ತಿರೋದು."

ಅತ್ತಿಗೆ ನಕ್ಕಳು. ನಗೋ ವಿಷಯನಾ ಇದು? ರೇಗಿ ಊಟ ಬಿಟ್ಟು ಎದ್ದೆ. ಗುರುವಾರ ಶೋರೂಮಿಗೆ ದೊಡ್ಡ ಹಾಳೆ ಸಾಗಿಸೋದಿದೆ, ಎರಡನೇ ಮಹಡಿಗೆ. ಅದು ಆಗಲಿ, ಶುಕ್ರವಾರ ಬರ್ತೀನಿ ಅಂತ ಒಪ್ಪಿದ. ದೊಡ್ಡ ಉಪಕಾರ!

ಮಾರ್ಚ್ 14, ಗುರುವಾರ

ಶೋರೂಮಿನ ಮೆಟ್ಟಿಲ ಮೇಲೆ ಆಗಿದ್ದಿದು.

ಮುಂದೆ ಅಣ್ಣ, ಹಿಂದೆ ವ್ಯಾನಿನ ಡ್ರೈವರ್, ಮಧ್ಯೆ ಆಳೆತ್ತರದ ಹಾಳೆ. ನಾನು ಪಕ್ಕದಲ್ಲಿ ಹೆಜ್ಜೆ ಹೇಳ್ತಾ ಹತ್ತುತ್ತಿದ್ದೆ. ಎಡ, ಬಲ, ಎಡ. ಮೊದಲನೇ ಮಹಡಿ ದಾಟಿ ಐದಾರು ಮೆಟ್ಟಿಲು ಹತ್ತಿರಬೇಕು, ಅಣ್ಣ ನಿಂತ. ಕತ್ತೆಲ್ಲ ಬೆವರು, ತುಟಿ ಬೂದಿ ಬಣ್ಣ.

"ಬಿಡಿ" ಅಂದ. ಅಷ್ಟೇ.

ಜಾರೋ ಗಾಜನ್ನ ಹಿಡಿಯೋಕೆ ಹೋಗಬಾರದು, ಬಿಟ್ಟು ಸರೀಬೇಕು. ಡ್ರೈವರ್ ಬಿಟ್ಟು ಗೋಡೆಗೆ ಒತ್ತಿಕೊಂಡ. ಹಾಳೆ ಮೆಟ್ಟಿಲುದ್ದಕ್ಕೂ ಚೂರುಚೂರಾಗಿ ಇಳೀತು. ಶೋರೂಮಿನವರು ಗಾಜು ನೋಡಿ ಬಾಯಿ ಬಡ್ಕೊಂಡರು. ನಾನು ಅಣ್ಣನ್ನ ನೋಡ್ತಿದ್ದೆ. ಕಣ್ಣು ತೇಲಿಸಿ ಕುಸಿದಿದ್ದ, ಪುಣ್ಯಕ್ಕೆ ಗೋಡೆ ಕಡೆಗೆ. ಅರ್ಧ ನಿಮಿಷ ಅವನಿಗೆ ನಾನ್ಯಾರು ಅಂತ ಗೊತ್ತಾಗಲಿಲ್ಲ.

ಅಲ್ಲಿಂದ ಸೀದಾ ಆಸ್ಪತ್ರೆ. ಈ ಸಲ ಹಟ ಮಾಡದೆ ಬಂದ.

ಮಾರ್ಚ್ 15, ಶುಕ್ರವಾರ

ಅವನದ್ದೂ ಎರಡೇ ಎಲೆ. ನನ್ನದಕ್ಕಿಂತ ಕೆಟ್ಟು ಹೋಗಿದೆ. ಸುಣ್ಣ ಕಟ್ಟಿ ಕಲ್ಲಾಗಿದೆ, ರಕ್ತ ಹೋಗೋಕೆ ಸಂದಿ ಮಾತ್ರ ಉಳಿದಿದೆ. ಇಷ್ಟು ವರ್ಷ ಅದೇ ಎದೆ ಇಟ್ಟುಕೊಂಡು ಹಾಳೆ ಎತ್ತಿದಾನೆ. ಮೊದಲೇ ಬಂದಿದ್ರೆ ವರ್ಷ ವರ್ಷ ನೋಡ್ತಾ, ಸರಿಯಾದ ಹೊತ್ತಿಗೆ ಸಮಾಧಾನವಾಗಿ ಬದಲಾಯಿಸಬಹುದಿತ್ತು ಅಂದರು ಡಾಕ್ಟರಮ್ಮ. ಈಗ ತಡ ಮಾಡೋ ಹಾಗಿಲ್ಲ.

ಮೊದಲೇ ಬಂದಿದ್ರೆ! ನೆಲ ಬಾಯಿ ಬಿಟ್ಟಿದ್ರೆ ಇಳಿದುಬಿಡ್ತಿದ್ದೆ.

ಮಾರ್ಚ್ 27, ಬುಧವಾರ

ಯಾವ ವಾಲ್ವ್ ಅಂತ ಚರ್ಚೆ. ಲೋಹದ್ದು ಬಹಳ ವರ್ಷ ಬಾಳುತ್ತೆ, ಆದರೆ ರಕ್ತ ಹೆಪ್ಪುಗಟ್ಟದಿರೋ ಮಾತ್ರೆ ಜೀವನಪೂರ್ತಿ ನುಂಗಬೇಕು. ಕೈ ಕುಯ್ದರೆ ರಕ್ತ ಬೇಗ ನಿಲ್ಲಲ್ಲ. ಗಾಜಿನ ಅಂಗಡೀಲಿ! ಇನ್ನೊಂದು ಥರದ್ದು ಪ್ರಾಣಿಯ ಅಂಗಾಂಶದಿಂದ ಮಾಡಿದ್ದು, ಆ ಮಾತ್ರೆ ಜೀವನಪೂರ್ತಿ ಬೇಡ, ಆದರೆ ಹತ್ತು ಹದಿನೈದು ವರ್ಷಕ್ಕೆ ಮತ್ತೆ ಬದಲಾಯಿಸಬೇಕಾಗಬಹುದು.

"ಲೋಹದ್ದೇ ಹಾಕಿ" ಅಂದ ಅಣ್ಣ. "ಗಾಜು ಇವಳು ಕುಯ್ಯಲಿ. ನಾನು ಕೂತು ಹೆಜ್ಜೆ ಹೇಳ್ತೀನಿ."

ಎಲ್ಲರೂ ನಕ್ಕರು. ನಾನು ಹೊರಗೆ ಹೋಗಿ ಅತ್ತೆ. ಆಪರೇಷನ್ ಮಂಗಳವಾರ. ಅಷ್ಟರೊಳಗೆ ಹೇಳಲೇಬೇಕು.

ಏಪ್ರಿಲ್ 1

ಹೇಳಲಿಲ್ಲ.

ಏಪ್ರಿಲ್ 2, ಮಂಗಳವಾರ. ಬೆಳಿಗ್ಗೆ 7.40

ಹೇಳಿದೆ. ಒಳಗೆ ಕರಕೊಂಡು ಹೋಗೋಕೆ ಹತ್ತು ನಿಮಿಷ ಇತ್ತು. ಅತ್ತಿಗೆ ಸಹಿ ಹಾಕೋಕೆ ಹೋಗಿದ್ದಳು. ಒಂದೇ ಉಸಿರಿಗೆ ಒದರಿದೆ. ಹನ್ನೊಂದು ವರ್ಷದ ಹಿಂದೆನೇ ಹೇಳಿದ್ರು, ನಾನು ಮುಚ್ಚಿಟ್ಟೆ, ಬೈಯಿ, ಹೊಡಿ, ಏನಾದ್ರೂ ಮಾಡು.

ಅವನು ಸೂರು ನೋಡ್ತಾ ಮಲಗಿದ್ದ.

"ಗೊತ್ತು" ಅಂದ. "ಆವತ್ತು ನಿನ್ನ ಜೊತೆ ಬಂದು ಡಾಕ್ಟರ್ ಕೋಣೆ ಬಾಗಿಲ ಹೊರಗೇ ನಿಂತಿದ್ದೆ. ಎಲ್ಲ ಕೇಳಿಸ್ತು. ನೀನು ಹೊರಗೆ ಬಂದು ಏನೂ ಇಲ್ಲ ಅಂದೆಯಲ್ಲ, ಬದುಕಿದೆ ಅನ್ನಿಸ್ತು. ಹೆದರಿಕೆ ಕಣೇ. ನಿನ್ನ ಹಾಗೆ ವರ್ಷ ವರ್ಷ ಇಲ್ಲಿ ಬಂದು ಕೂರೋ ಧೈರ್ಯ ನನಗಿರಲಿಲ್ಲ."

ವಾರ್ಡಿನವನು ಮಂಚದ ಬ್ರೇಕ್ ತೆಗೆದ. ಅಣ್ಣ ನನ್ನ ಮಣಿಕಟ್ಟು ಬಿಡಲಿಲ್ಲ.

"ಮಗಳನ್ನ ತೋರಿಸು. ಇವತ್ತೇ. ಅವಳಮ್ಮನ ಕೈಲಾಗಲ್ಲ, ನನ್ನ ಕೈಲೂ ಆಗಲಿಲ್ಲ. ನೀನೇ ಕರಕೊಂಡು ಹೋಗು."

11.20

ಮೇಲಿನ ಮಹಡೀಲಿ ಅವನ ಎದೆ ತೆರೆದಿದಾರೆ. ಏನೂ ಸುದ್ದಿ ಇಲ್ಲ. ಅತ್ತಿಗೆ ಅಲ್ಲೇ ಬಾಗಿಲ ಹತ್ತಿರ ಕೂತಿದಾಳೆ. ಕೆಳಗೆ ಎಕೋ ಕೋಣೆ ಮುಂದೆ ನಾನು, ಪಕ್ಕದಲ್ಲಿ ಹುಡುಗಿ, ಕಾಲು ಆಡಿಸ್ತಾ.

"ಅತ್ತೆ, ನೋವಾಗುತ್ತಾ?"

"ಇಲ್ಲ ಬಂಗಾರ. ಎದೆ ಮೇಲೆ ತಣ್ಣಗೆ ಏನೋ ಹಚ್ತಾರೆ, ಅಷ್ಟೇ."

"ನನಗೂ ಇದ್ರೆ?"

ಇದ್ರೆ ಇಬ್ಬರೂ ಜೊತೆಗೆ ಬರೋಣ, ವರ್ಷ ವರ್ಷ ಅಂದೆ. ಕಾಲು ಆಡಿಸೋದು ನಿಲ್ಲಿಸಿದಳು.

ನಮ್ಮ ನಂಬರ್ ಕರೀತಿದಾರೆ. ಕೈ ಹಿಡ್ಕೊಂಡಳು, ಎಷ್ಟು ಬಿಗಿಯಾಗಿ ಅಂದರೆ ಬರೆಯೋಕೂ...